‘ಲಗೂನ’ ಅನ್ನುವುದರಲ್ಲಿ ನಗುವಂಥದ್ದು ಏನಿದೆ?

ಗ್ರೀನ್‌ರೂಮಿನ ಬಾಗಿಲಲ್ಲಿ ನಲವತ್ತು ಜನರಾದರೂ ಇದ್ದೆವು. ಎಲ್ಲರ ಕೈಯಲ್ಲೂ ಫೋನು, ಎಲ್ಲರ ಮುಖದಲ್ಲೂ ಎರಡು ತಾಸು ನಕ್ಕು ಬಂದ ದಣಿವು. ಪುಣೆಯ ಎರಂಡವಣೆ ಕಡೆಯ ಒಂದು ಸಭಾಂಗಣ, ಭಾನುವಾರದ ಸಂಜೆ. ಊರಿನ ಕನ್ನಡಿಗರೆಲ್ಲ ವರ್ಷಕ್ಕೆ ಎರಡು ಮೂರು ಸಲ ಹೀಗೆ ಒಂದು ಸೂರಿನಡಿ ಸೇರುತ್ತೇವೆ: ರಾಜ್ಯೋತ್ಸವಕ್ಕೆ, ಯಕ್ಷಗಾನಕ್ಕೆ, ಇಂಥ ಹಾಸ್ಯಸಂಜೆಗೆ. ನನ್ನ ಪಕ್ಕದಲ್ಲಿ ಅವ್ವ ನಿಂತಿದ್ದಳು. ಮದುವೆ ಮನೆಗಷ್ಟೇ ಹೊರಗೆ ಬರುವ ಇಳಕಲ್ ಸೀರೆ ಉಟ್ಟಿದ್ದಳು.

ಒಳಗಿದ್ದವರು ನಮ್ಮ ಮನೆಯ ಅಚ್ಚುಮೆಚ್ಚಿನ ಹಾಸ್ಯಗಾರರು. ಮನೆಯದು ಅಂದರೆ ಮುಖ್ಯವಾಗಿ ಅಪ್ಪನದು. ಅಥಣಿ ಹತ್ತಿರದ ನಮ್ಮ ಊರಿನಿಂದ ಅಪ್ಪನನ್ನು ಚಿಕಿತ್ಸೆಗೆಂದು ಪುಣೆಗೆ ಕರೆತಂದ ಮೇಲೆ ಅವನಿಗೆ ಸಿಕ್ಕಿದ್ದು ಮೂರೇ ತಿಂಗಳು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಫೋನನ್ನು ದಿಂಬಿನ ಕೆಳಗಿಟ್ಟುಕೊಂಡು ಇವರ ಹಳೆಯ ಕಾರ್ಯಕ್ರಮಗಳನ್ನು ಕೇಳುತ್ತಿದ್ದ. ಕತ್ತಲಲ್ಲಿ ಹಾಸಿಗೆ ಕುಲುಗಿದರೆ ನೋವೋ ನಗುವೋ ಅಂತ ನಾವು ಕಿವಿಗೊಟ್ಟು ಕೇಳಬೇಕಾಗುತ್ತಿತ್ತು. ಬಹಳ ಸಲ ಅದು ನಗುವೇ ಆಗಿರುತ್ತಿತ್ತು. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಎಂದಾದರೂ ಇವರು ಎದುರಿಗೆ ಸಿಕ್ಕರೆ ಈ ಮಾತನ್ನು ಹೇಳಬೇಕು ಅಂತ ಅಂದಿನಿಂದ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೆವರಿದ ಜುಬ್ಬಾದಲ್ಲಿ ಕುರ್ಚಿಗೊರಗಿ ಕೂತ ಮನುಷ್ಯ ಆಡಿದ್ದು ಸ್ಟೇಜಿನ ಮಾತಲ್ಲ, ಅದನ್ನು ಊರಿಗೆಲ್ಲ ಹಂಚುವ ಹಕ್ಕು ನನಗಿಲ್ಲ. ಅದೂ ಅಲ್ಲದೆ ನನ್ನ ತಕರಾರು ಒಬ್ಬರ ಮೇಲಿನದಲ್ಲ. ಅದರಲ್ಲಿ ಅರ್ಧ ಪಾಲು ನನ್ನ ಮೇಲಿನದೇ.

ಕಾರ್ಯಕ್ರಮದ ಎರಡನೆಯ ಭಾಗದಲ್ಲಿ ಒಂದು ಪ್ರಸಂಗ ಬಂತು. ನಮ್ಮ ಗಡಿಭಾಗದ ಒಬ್ಬ ಹೆಣ್ಣುಮಗಳು ಮಗನ ಮನೆಗೆಂದು ಬೆಂಗಳೂರಿಗೆ ಹೋಗಿದ್ದಾಳೆ. ಪಿಂಚಣಿಯ ಕೆಲಸಕ್ಕೆ ಬ್ಯಾಂಕಿಗೆ ಹೋಗುತ್ತಾಳೆ. ಕೌಂಟರಿನಲ್ಲಿ ಕೂತ ತರುಣನಿಗೆ “ಸಾಹೇಬ್ರ, ಜರಾ ಲಗೂನ ಮಾಡ್ರಿ” ಅನ್ನುತ್ತಾಳೆ. ಆ ಕಡೆಯವರಿಗಾಗಿ ಹೇಳುವುದಾದರೆ ಲಗೂನ ಅಂದರೆ ಬೇಗ. ಅವನಿಗೆ ಅದು ‘ಲಗ್ನ’ ಅಂತ ಕೇಳಿಸುತ್ತದೆ. ಗಾಬರಿಯಿಂದ “ಅಮ್ಮಾ, ನನಗೆ ಮದುವೆ ಆಗಿದೆ” ಅನ್ನುತ್ತಾನೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಅವ್ವನಂತೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡು ಕನ್ನಡಗಳು ಒಂದು ಕೌಂಟರಿನ ಗಾಜಿನ ಆಚೀಚೆ ನಿಂತು ಎಡವಿದ ಚಂದದ ನಗೆ ಅದು. ಅಲ್ಲಿ ಪೆದ್ದನಾದವನು ಯಾರಾದರೂ ಇದ್ದರೆ ಅವನು ಕೌಂಟರಿನ ತರುಣ.

ಅಲ್ಲಿಗೆ ನಿಲ್ಲಲಿಲ್ಲ. ಪ್ರಸಂಗ ಇನ್ನೂ ಹತ್ತು ನಿಮಿಷ ನಡೆಯಿತು. ಆ ಹೆಣ್ಣುಮಗಳ ದನಿ ಕೀರಲಾಯಿತು, ಬಾಯಲ್ಲಿ ಎಲೆಯಡಿಕೆ ಬಂತು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಳು, ಒಂದೊಂದು ಮಾತಿನ ಕೊನೆಯನ್ನೂ ರಬ್ಬರಿನ ಹಾಗೆ ಎಳೆದಳು. “ಕಾಯಿಪಲ್ಲೆ” ಅಂದರೆ ನಗು, “ಚಹಾ” ಅಂದರೆ ನಗು, “ಗಡಬಡ” ಅಂದರೂ ನಗು. ಇವುಗಳಲ್ಲಿ ಯಾವುದೂ ಜೋಕಲ್ಲ, ಬರೀ ನಾಮಪದಗಳು. ಮುಂದಿನ ಸಾಲುಗಳಲ್ಲಿ ಜನ ನೀರಿನ ಬಾಟಲಿ ಹಿಡಿದು ನಗುತ್ತಿದ್ದರು. ಅವ್ವನ ಕಡೆ ನೋಡಿದೆ. ಅವಳೂ ನಗುತ್ತಿದ್ದಳು. ಆದರೆ ಸುತ್ತಲಿನವರು ಶುರುಮಾಡಿದ ಅರೆಕ್ಷಣದ ನಂತರ ಅವಳ ನಗು ಶುರುವಾಗುತ್ತಿತ್ತು. ಭಾಷೆ ಬರದ ಊರಿನಲ್ಲಿ ಸಿನಿಮಾ ನೋಡುವವರು ನಗುವುದು ಹಾಗೆ.

ಕೊನೆಗೂ ನಮ್ಮ ಸರದಿ ಬಂತು. ಸ್ಟೇಜಿನ ಮೇಲೆ ಆರಡಿ ಕಂಡಿದ್ದ ಮನುಷ್ಯ ಹತ್ತಿರದಿಂದ ಸಣ್ಣಗಿದ್ದರು. ಕೈಯಲ್ಲಿ ಬಿಸಿನೀರಿನ ಲೋಟ. “ನಾಕ್ ದಿನಕ್ಕ ನಾಕ್ ಊರಾತ್ರಿ, ಗಂಟ್ಲ ಕುಂತೇತಿ” ಅಂದರು. ದನಿ ಮೆದು, ಎಳೆತವೇ ಇಲ್ಲ. ಅವರೂ ನಮ್ಮ ಸೀಮೆಯವರೇ. ಅವ್ವನನ್ನು ನೋಡಿ ಎದ್ದು ನಿಂತರು, ಅದು ನಾಟಕವಾಗಿರಲಿಲ್ಲ. “ಹೆಂಗ ಅನಸ್ತ್ರಿ ಅವ್ವಾರ ಪ್ರೋಗ್ರಾಮ್?” ಅಂತ ಕೇಳಿದರು.

ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು: “ತುಂಬಾ ಚೆನ್ನಾಗಿತ್ತು.”

ನನ್ನ ಅವ್ವ ಅರವತ್ತೆಂಟು ವರ್ಷದಲ್ಲಿ ಒಮ್ಮೆಯೂ ‘ತುಂಬಾ ಚೆನ್ನಾಗಿತ್ತು’ ಅಂದವಳಲ್ಲ. ಭಾಳ ಛಲೋ ಇತ್ತು ಅನ್ನುತ್ತಾಳೆ, ಭಾರಿ ಆತು ಅನ್ನುತ್ತಾಳೆ, ಸೇರದಿದ್ದರೆ “ಹೂಂ, ಆತು” ಅಂತ ಮುಖ ತಿರುಗಿಸುತ್ತಾಳೆ. ಟಿವಿಯ ಕನ್ನಡದಿಂದ ಎರಡು ಪದ ಎರವಲು ತಂದು ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ನಿಂತಿದ್ದಳು. ಅವರಿಗೆ ಇದು ಗೊತ್ತಾಗಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ನಾನು ನಾಲ್ಕು ವರ್ಷ ಕಾಪಾಡಿದ ಮಾತು ಬಾಯಿಗೆ ಬರಲಿಲ್ಲ. ಅಪ್ಪನ ಬಗ್ಗೆ ಹೇಳಿದರೆ ಆ ಹತ್ತು ನಿಮಿಷದ ಬಗ್ಗೆಯೂ ಹೇಳಬೇಕಾಗುತ್ತದೆ, ಎರಡನ್ನೂ ಒಟ್ಟಿಗೆ ಹೇಳುವುದು ಹೇಗೆ? “ಸರ್, ಸೂಪರ್ ಇತ್ತು, ಒಂದು ಸೆಲ್ಫಿ” ಅಂದೆ. ಮೂವರೂ ನಕ್ಕೆವು, ಫೋನು ಕ್ಲಿಕ್ಕಿಸಿತು. ನಾವು ಹೊರಗೆ ಕಾಲಿಡುವಾಗ ಹಿಂದಿನಿಂದ ಅವರ ದನಿ ಕೇಳಿತು. ಜೊತೆಗಿದ್ದ ಹುಡುಗನಿಗೆ ಹೇಳುತ್ತಿದ್ದರು: “ಲಗೂನ ಗಾಡಿ ತರಾಕ ಹೇಳಪಾ.”

ಹುಡುಗ ನಗಲಿಲ್ಲ. ಗಾಡಿ ತರಲು ಹೋದ.

ಆಟೋದಲ್ಲಿ ಕರ್ವೆ ರಸ್ತೆ ದಾಟುವ ತನಕ ಅವ್ವ ಮಾತಾಡಲಿಲ್ಲ. ಆಮೇಲೆ ಹೇಳಿದಳು: “ಛಲೋ ಮನಷ್ಯಾ. ದಣದಾನ ಪಾಪ.” ಸ್ವಲ್ಪ ಹೊತ್ತು ಬಿಟ್ಟು: “ಖರೆ ಲಗೂನ ಅನ್ನೂದ್ರಾಗ ನಗೂವಂಥಾದ್ದು ಏನೈತಿ? ಅವನೂ ಹಂಗ ಅಂತಾನಲ್ಲ.”

ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದ ನನ್ನ ಬಳಿ ಆಗ ಉತ್ತರವಿರಲಿಲ್ಲ. ಈ ಬರಹ ಆ ಉತ್ತರದ ಪ್ರಯತ್ನ.

ನಾನು ಮೊದಲು ಪುಣೆಗೆ ಬಂದಾಗ ನನ್ನ ಮರಾಠಿ ಕೇಳಿ ನಮ್ಮ ಸೊಸೈಟಿಯ ಅಜ್ಜನೊಬ್ಬರು ಖುಷಿಯಿಂದ ಚಪ್ಪಾಳೆ ತಟ್ಟಿದ್ದರು. “ಅರೆ, ರಾವ್‌ಸಾಹೇಬ್!” ಅಂದರು. ನಾನು ಯಾವ ವಸ್ತುವಿಗೂ ಸರಿಯಾದ ಲಿಂಗ ಹಚ್ಚುತ್ತಿರಲಿಲ್ಲ. ಕನ್ನಡದವರಿಗೆ ಇದು ಜನ್ಮದ ಕಷ್ಟ. ನಮ್ಮಲ್ಲಿ ಗಂಡಸು ಅವನು, ಹೆಂಗಸು ಅವಳು, ಉಳಿದ ಲೋಕವೆಲ್ಲ ಅದು. ಮರಾಠಿಯಲ್ಲಿ ಖಿಡಕೀ ಸ್ತ್ರೀಲಿಂಗ, ದರವಾಜಾ ಪುಲ್ಲಿಂಗ, ಅದೇ ಬಾಗಿಲನ್ನು ‘ದಾರ’ ಅಂದರೆ ನಪುಂಸಕ. ಒಂದೇ ಬಾಗಿಲು ಹೆಸರು ಬದಲಾಯಿಸಿಕೊಂಡ ಕೂಡಲೇ ಲಿಂಗವನ್ನೂ ಬದಲಾಯಿಸಿಕೊಳ್ಳುತ್ತದೆ! ನಾನು ಎಲ್ಲವನ್ನೂ ‘ಅದು’ ಮಾಡಿ ಮುಗಿಸುತ್ತಿದ್ದೆ. ಅಜ್ಜ ನನ್ನ ಮಾತನ್ನು ನನಗೇ ಅನುಕರಿಸಿ ತೋರಿಸಿ, “ಪು.ಲ. ಕೇಳಿಲ್ಲವೇ ನೀನು?” ಅಂದರು. ನಾನು ನಗುತ್ತ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಮುಂದಿನ ಒಂದು ವರ್ಷ ಅಂಗಡಿಯಲ್ಲಿ ಹಿಂದಿ ಮಾತಾಡಿದೆ.

ಪು.ಲ. ಅಂದರೆ ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆ. 1919ರಲ್ಲಿ ಮುಂಬೈನಲ್ಲಿ ಹುಟ್ಟಿ, 2000ದ ಜೂನ್ 12ರಂದು ಪುಣೆಯಲ್ಲಿ ತೀರಿಕೊಂಡ, ಮಹಾರಾಷ್ಟ್ರ ತನ್ನ ಮನೆಮಗ ಅಂದುಕೊಂಡ ಹಾಸ್ಯ ಬರಹಗಾರ. ಬರೆದದ್ದನ್ನು ಒಬ್ಬನೇ ರಂಗದ ಮೇಲೆ ನಿಂತು ಆಡಿ ತೋರಿಸುತ್ತಿದ್ದ ನಟ. ‘ಬಟಾಟ್ಯಾಚೀ ಚಾಳ’ದ ಏಕಪಾತ್ರ ಪ್ರಯೋಗ ನೋಡಿದವರು ಇವತ್ತಿಗೂ ಈ ಊರಿನಲ್ಲಿ ಅದನ್ನು ತಮ್ಮ ಮದುವೆಯ ನೆನಪಿನಂತೆ ಹೇಳಿಕೊಳ್ಳುತ್ತಾರೆ. ಅವರು ಕೆಲಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಮಾಡಿದವರು. ಅಲ್ಲಿ ಒಡನಾಡಿದ ಕೃಷ್ಣರಾವ್ ಹರಿಹರ ಎಂಬವರ ಮೇಲೆ ಬರೆದ ವ್ಯಕ್ತಿಚಿತ್ರವೇ ‘ರಾವ್‌ಸಾಹೇಬ್’, ‘ಗಣಗೋತ’ ಎಂಬ ಪುಸ್ತಕದಲ್ಲಿದೆ. ರಾವ್‌ಸಾಹೇಬರ ಮರಾಠಿ ನನ್ನ ಮರಾಠಿಯೇ: ಕನ್ನಡದ ಧಾಟಿ, ಲಿಂಗಗಳ ಬುಡಮೇಲು, ನಡುನಡುವೆ ಪ್ರೀತಿಯ ಬೈಗುಳ.

ಅದನ್ನು ಕೇಳಲು ನನಗೆ ಬಹಳ ದಿನ ಧೈರ್ಯ ಬರಲಿಲ್ಲ. ಕೊನೆಗೊಂದು ದಿನ ಪು.ಲ. ಅವರದೇ ದನಿಯ ಧ್ವನಿಮುದ್ರಿಕೆ ಹಾಕಿಕೊಂಡು, ಜಗಳಕ್ಕೆ ತಯಾರಾಗಿ ಕೂತೆ. ಮೊದಲ ಐದು ನಿಮಿಷ ಹಲ್ಲು ಕಚ್ಚಿದೆ. ಆಮೇಲೆ ನಕ್ಕೆ. ಕೊನೆಗೆ, ರಾವ್‌ಸಾಹೇಬರು ತೀರಿಕೊಂಡ ಮೇಲಿನ ಮಾತುಗಳು ಬರುವಾಗ ನನ್ನ ಮುಖ ಒದ್ದೆಯಾಗಿತ್ತು. ಅಲ್ಲಿ ರಾವ್‌ಸಾಹೇಬರ ವ್ಯಾಕರಣ ತಪ್ಪು, ಆದರೆ ಸಂಗೀತದ ಕಿವಿ ತಪ್ಪಿಲ್ಲ, ನಾಟಕದ ಹುಚ್ಚು ತಪ್ಪಿಲ್ಲ, ಗೆಳೆತನ ತಪ್ಪಿಲ್ಲ. ಆ ಮನುಷ್ಯ ತನ್ನ ಬಗ್ಗೆ ಬರೆದ ಲೇಖಕನಿಗಿಂತ ದೊಡ್ಡವನಾಗಿ ಕಾಣುತ್ತಾನೆ. ಆ ಮುರುಕು ಮರಾಠಿ ಇನ್ನು ಕೇಳಿಸುವುದಿಲ್ಲವಲ್ಲ ಅಂತ ಲೇಖಕನ ಜೊತೆ ಕೇಳುಗನಿಗೂ ಸಂಕಟವಾಗುತ್ತದೆ. ನಗೆಯಿಂದ ಶುರುವಾಗಿ ಶ್ರದ್ಧಾಂಜಲಿಯಲ್ಲಿ ಮುಗಿಯುವ ಬರಹ ಅದು. ನನ್ನನ್ನು ಅಳಿಸಿದ ಅಜ್ಜನಿಗೆ ಅದರ ಮೊದಲ ಅರ್ಧ ಮಾತ್ರ ನೆನಪಿತ್ತು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಸಾಂಗಲಿ ಜಿಲ್ಲೆಯ ಕುಪವಾಡ ನಮ್ಮ ಅಥಣಿಗೆ ದೂರವೇನಲ್ಲ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಭಾಷಾವಿಜ್ಞಾನಿಗಳು ಆ ಹಳ್ಳಿಯ ಮಾತನ್ನು ಅಭ್ಯಾಸಮಾಡಿ 1971ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಇವತ್ತಿಗೂ ಜಗತ್ತಿನ ಭಾಷಾವಿಜ್ಞಾನದ ತರಗತಿಗಳಲ್ಲಿ ಓದಿಸುತ್ತಾರೆ. ಅಲ್ಲಿ ಕನ್ನಡ, ಮರಾಠಿ, ಉರ್ದು ಶತಮಾನಗಳಿಂದ ಒಂದೇ ಓಣಿಯಲ್ಲಿವೆ. ಹಾಗೆ ಬದುಕಿ ಬದುಕಿ ಆ ಊರಿನ ಮರಾಠಿ ತನ್ನ ಲಿಂಗದ ಲೆಕ್ಕವನ್ನೇ ಬಿಟ್ಟು ಕನ್ನಡದ ಲೆಕ್ಕ ಹಿಡಿದಿದೆ: ಗಂಡು, ಹೆಣ್ಣು, ಉಳಿದದ್ದೆಲ್ಲ ನಪುಂಸಕ. ಅಂದರೆ ಪುಣೆಯಲ್ಲಿ ನನ್ನದು ತಪ್ಪು, ಕುಪವಾಡದಲ್ಲಿ ಅದೇ ವ್ಯಾಕರಣ. ಎಂ.ಎ.ಯಲ್ಲಿ ಇದನ್ನು ಓದಿ ಅಂಕ ತೆಗೆದುಕೊಂಡಿದ್ದೆ. ಅದು ನನ್ನ ಪರವಾಗಿ ಮಾತಾಡುವ ಪಾಠ ಅಂತ ತಿಳಿದದ್ದು ಅಜ್ಜನ ಚಪ್ಪಾಳೆಯ ನಂತರ. ಅವ್ವನ ‘ಕಾಯಿಪಲ್ಲೆ’, ‘ಗಡಬಡ’ ಕೂಡ ಹೀಗೆ ಓಣಿಯ ಬದುಕು ಕೊಟ್ಟ ಪದಗಳು.

ಹೀಗಾಗಿ ಅವ್ವನ ಪ್ರಶ್ನೆಗೆ ನನ್ನ ಉತ್ತರ ಇದು. ಒಂದು ಮಾತಿನಲ್ಲಿ ನಗುವುದು ಬೇರೆ, ಒಂದು ಮಾತನ್ನು ನಗುವುದು ಬೇರೆ. ಮೊದಲನೆಯದರಲ್ಲಿ ಆ ಮಾತಾಡುವವರಿಗೆ ಬುದ್ಧಿ ಇರುತ್ತದೆ, ತಿರುಗೇಟು ಕೊಡುವ ಅವಕಾಶ ಇರುತ್ತದೆ. ಎರಡನೆಯದರಲ್ಲಿ ಅವರಿಗೆ ಇರುವುದು ಉಚ್ಚಾರ ಮಾತ್ರ.

ಕನ್ನಡದ ಹಾಸ್ಯಕ್ಕೆ ಮೊದಲನೆಯದು ಹೊಸತಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್, ಅಂದರೆ ನಮ್ಮ ಬೀಚಿ, ಸೃಷ್ಟಿಸಿದ ತಿಮ್ಮನನ್ನು ನೆನಪಿಸಿಕೊಳ್ಳಿ. ತಿಮ್ಮ ಪೆದ್ದನ ಹಾಗೆ ಶುರುಮಾಡುತ್ತಾನೆ, ಪ್ರಸಂಗ ಮುಗಿಯುವಾಗ ಪೆದ್ದನಾಗಿರುವವನು ಬೇರೊಬ್ಬ. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಸಾವಿರಾರು ಪ್ರದರ್ಶನಗಳ ಕಾಲ ನಗೆಯನ್ನು ಗುರಿಯಿಟ್ಟದ್ದು ಕುರ್ಚಿಯಲ್ಲಿ ಕೂತವರ ಕಡೆಗೆ, ಅರ್ಜಿ ಹಿಡಿದು ನಿಂತವರ ಕಡೆಗಲ್ಲ. ಗಂಗಾವತಿಯ ಪ್ರಾಣೇಶ್ ಅವರು ಬೀಚಿಯನ್ನು ಊರೂರಿಗೆ ಹೊತ್ತೊಯ್ದದ್ದು ತಮ್ಮ ಸೀಮೆಯ ಮಾತಿನಲ್ಲಿಯೇ. ಆ ಮಾತಿಗೆ ಬೆಂಗಳೂರಿನ ಸಭಾಂಗಣಗಳು ತುಂಬಿದ್ದು ನಮ್ಮಂಥವರಿಗೆ ಸಣ್ಣ ಗೆಲುವಲ್ಲ. ನನ್ನ ಅಪ್ಪ ಕತ್ತಲಲ್ಲಿ ನಕ್ಕದ್ದೂ ಅದಕ್ಕೇ. ರೇಡಿಯೋದಲ್ಲಿ, ಶಾಲೆಯ ಪುಸ್ತಕದಲ್ಲಿ ಸಿಗದ ತನ್ನ ಮಾತು ಮೈಕಿನಲ್ಲಿ ಸಿಕ್ಕಿತ್ತು.

ಆದರೆ ಎರಡನೆಯದೂ ನಮ್ಮಲ್ಲಿ ಹಳೆಯದೇ. ಕನ್ನಡ ಸಿನಿಮಾದಲ್ಲಿ ಬಹುಕಾಲ ನಾಯಕ ಆಡಿದ್ದು ಮೈಸೂರು-ಬೆಂಗಳೂರಿನ ಕನ್ನಡ. ‘ಐತ್ರಿ’, ‘ಬರ್ರಿ’ಗಳು ಬಂದದ್ದು ಹೆಚ್ಚಾಗಿ ಆಳುಮಗನ, ವಿದೂಷಕನ ಬಾಯಲ್ಲಿ. ಪ್ರೀತಿ ಮಾಡಲು ಒಂದು ಕನ್ನಡ, ಜಾರಿ ಬೀಳಲು ಇನ್ನೊಂದು. ಇದೇ ಮಾತಿನಲ್ಲಿ ಬೇಂದ್ರೆ ಪ್ರೀತಿ, ಸಾವು, ದೇವರು ಎಲ್ಲವನ್ನೂ ಹಾಡಿದ್ದರು. ಘೋಡಗೇರಿಯ ಕಂಬಾರರು ‘ಜೋಕುಮಾರಸ್ವಾಮಿ’ಯಲ್ಲಿ ಇದೇ ಮಾತಿನಲ್ಲಿ ಭೂಮಿ ಯಾರದು ಅಂತ ಕೇಳಿದ್ದರು. ಬೇಂದ್ರೆಯವರು ಕಾಲೇಜು ಓದಿದ್ದು ಪುಣೆಯ ಫರ್ಗ್ಯುಸನ್ನಿನಲ್ಲಿ. ನಾನು ಆ ರಸ್ತೆಯಲ್ಲಿ ಹೋಗುವಾಗೆಲ್ಲ ಯೋಚಿಸುತ್ತೇನೆ: ಮನೆಯಲ್ಲಿ ಮರಾಠಿ, ಬರಹದಲ್ಲಿ ಧಾರವಾಡದ ಕನ್ನಡ ಇಟ್ಟುಕೊಂಡಿದ್ದ ಆ ಮನುಷ್ಯ ಇವತ್ತು ಒಂದು ಹಾಸ್ಯಸಂಜೆಗೆ ಬಂದು ಕೂತಿದ್ದರೆ ಯಾವ ಪದಕ್ಕೆ ನಗುತ್ತಿದ್ದರು, ಯಾವ ಪದಕ್ಕೆ ಸುಮ್ಮನಾಗುತ್ತಿದ್ದರು?

ಇದಕ್ಕೆ ಬರುವ ಎದುರುಮಾತುಗಳು ನನಗೆ ಗೊತ್ತು, ಅವುಗಳಲ್ಲಿ ಎರಡು ಗಟ್ಟಿಯಾದವು. ಒಂದು: ಆ ಹಾಸ್ಯಗಾರರೂ ಅದೇ ಸೀಮೆಯವರು, ತಮ್ಮ ಮಾತನ್ನು ತಾವು ಎಳೆದರೆ ನಿಮಗೇನು? ಇದು ನಿಜ. ನನ್ನ ಅವ್ವನೂ ಮನೆಯಲ್ಲಿ ನಮ್ಮ ಅತ್ತಿಯನ್ನು ಅನುಕರಿಸಿ ನಮ್ಮನ್ನೆಲ್ಲ ಉರುಳಿಸುತ್ತಾಳೆ. ಆದರೆ ಅಲ್ಲಿ ಕೇಳುವವರು ಅತ್ತಿಯನ್ನು ಬಲ್ಲವರು, ಅತ್ತಿ ಮರುದಿನ ಅವ್ವನನ್ನು ಅನುಕರಿಸಬಲ್ಲಳು. ಐನೂರು ಜನರ ಮುಂದೆ, ಆ ಮಾತನ್ನು ಬೇರೆಲ್ಲೂ ಕೇಳದವರ ಮುಂದೆ ಎಳೆದಾಗ ಅದು ಪರಿಚಯ ಪತ್ರವಾಗುತ್ತದೆ. ಆ ಕಡೆಯವರು ಹೀಗೆ ಅಂತ ಅವರು ಮನೆಗೆ ಒಯ್ಯುತ್ತಾರೆ. ನಾಳೆ ಕೌಂಟರಿನಲ್ಲಿ ನಿಜವಾದ ಒಬ್ಬ ಮುದುಕಿ “ಲಗೂನ” ಅಂದಾಗ ಅದೇ ನಗು ಅಲ್ಲಿ ಮರಳಿ ಬರುತ್ತದೆ, ಈ ಸಲ ಚಪ್ಪಾಳೆಯಿಲ್ಲದೆ.

ಎರಡು: ಹಾಸ್ಯವನ್ನು ಹೀಗೆ ಅಳೆದು ತೂಗಿದರೆ ಯಾರು ನಗಿಸಬಲ್ಲರು? ಇದಕ್ಕೂ ನನ್ನಲ್ಲಿ ಗೌರವವಿದೆ. ಅನುವಾದ ನನ್ನ ಕಸುಬು. ಮಿಕ್ಸರ್‌ನ ಕೈಪಿಡಿಯಿಂದ ಹಿಡಿದು ಕಥೆಗಳ ತನಕ ಮರಾಠಿಯಿಂದ, ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತೇನೆ. ಹಾಗಾಗಿ ಮೊದಲು ನನಗೆ ಹೊಳೆದ ಅಳತೆಗೋಲು ಇದು: ಜೋಕನ್ನು ಬೇರೆ ಮಾತಿಗೆ ಅನುವಾದಿಸಿ ನೋಡು, ಏನಾದರೂ ಉಳಿದರೆ ಅದು ಹಾಸ್ಯ, ಏನೂ ಉಳಿಯದಿದ್ದರೆ ಅಣಕ. ಆದರೆ ಈ ಅಳತೆಗೋಲು ಮುರಿಯುತ್ತದೆ. ಲಗೂನ-ಲಗ್ನದ ಜೋಕನ್ನು ಯಾವ ಭಾಷೆಗೂ ಒಯ್ಯಲಾಗದು, ಆದರೂ ಅದು ಒಳ್ಳೆಯ ಜೋಕು. ಕೈಲಾಸಂ ಅವರ ಕನ್ನಡ-ಇಂಗ್ಲಿಷ್ ಕಲಸುಮೇಲೋಗರವನ್ನೂ ಒಯ್ಯಲಾಗದು. ಕೇಳಬೇಕಾದ ಪ್ರಶ್ನೆ ಇನ್ನೂ ಸರಳ: ಈ ಪ್ರಸಂಗ ನಡೆಯುವಾಗ ಆ ಹೆಣ್ಣುಮಗಳು ಮುಂದಿನ ಸಾಲಿನಲ್ಲಿ ಕೂತಿದ್ದರೆ ಅವಳು ಮೊದಲು ನಗುತ್ತಾಳೋ, ಅರೆಕ್ಷಣ ತಡವಾಗಿ ನಗುತ್ತಾಳೋ? ಹಾಸ್ಯಗಾರನ ಕಿವಿಗಿಂತ ಸೂಕ್ಷ್ಮವಾದ ಕಿವಿ ಲೋಕದಲ್ಲಿಲ್ಲ. ಸಾವಿರ ನಗೆಗಳಲ್ಲಿ ತಡವಾದ ಒಂದು ನಗೆಯನ್ನು ಅವರು ಕೇಳಿಸಿಕೊಳ್ಳಬಲ್ಲರು. ಯಾರಾದರೂ ಅದರತ್ತ ಬೆರಳು ತೋರಿಸಬೇಕು, ಅಷ್ಟೇ.

ನನ್ನ ತಪ್ಪು ಇರುವುದು ಇಲ್ಲಿಯೇ. ಮೆಚ್ಚಿನ ಹಾಸ್ಯಗಾರರು ಎದುರು ಸಿಕ್ಕಾಗ ನಾವು ಮಾಡುವುದೇನು? ಸೆಲ್ಫಿ ತೆಗೆಯುತ್ತೇವೆ, ‘ಸೂಪರ್’ ಅನ್ನುತ್ತೇವೆ, ಇನ್ನೂ ಧೈರ್ಯಸ್ಥರು “ಸರ್, ಒಂದು ಜೋಕ್ ಹೇಳಿ” ಅನ್ನುತ್ತಾರೆ, ಡಾಕ್ಟರು ಮದುವೆಯಲ್ಲಿ ಸಿಕ್ಕರೆ ಮೊಣಕಾಲು ತೋರಿಸುವ ಹಾಗೆ. ಎರಡು ತಾಸು ನಿಂತು ಕೊಟ್ಟವರಿಗೆ ನಾವು ಮರಳಿ ಕೊಡುವುದು ಹಲ್ಲು ತೋರಿಸಿದ ಒಂದು ಫೋಟೋ. ಯಾವ ಮಾತು ಎಲ್ಲಿ ತಾಗಿತು, ಯಾವುದು ಯಾರನ್ನು ಯಾವ ರಾತ್ರಿ ಕಾಪಾಡಿತು, ಯಾವುದು ಚುಚ್ಚಿತು ಎಂಬ ಸುದ್ದಿ ಅವರಿಗೆ ತಲುಪುವುದೇ ಇಲ್ಲ. ತಲುಪುವುದು ಚಪ್ಪಾಳೆ ಮಾತ್ರ. ಹತ್ತು ನಿಮಿಷ ಎಳೆದದ್ದಕ್ಕೂ ಚಪ್ಪಾಳೆ ಬಿದ್ದಿತ್ತಲ್ಲ, ಹಾಗಾಗಿ ಮುಂದಿನ ಊರಿನಲ್ಲಿ ಅದು ಹನ್ನೆರಡು ನಿಮಿಷವಾಗುತ್ತದೆ. ತಪ್ಪು ಅವರದ್ದೊಂದೇ ಅಂತ ಹೇಗೆ ಹೇಳಲಿ?

ಕೃತಜ್ಞತೆ ಮತ್ತು ತಕರಾರು ಒಂದೇ ಬಾಯಲ್ಲಿ ಬರಬಾರದು ಅಂತ ನಾನು ಆ ಬಾಗಿಲಲ್ಲಿ ಅಂದುಕೊಂಡಿದ್ದೆ. ಈಗ ಅನಿಸುತ್ತದೆ, ತಕರಾರು ಹೇಳುವ ಹಕ್ಕು ಬರುವುದೇ ಕೃತಜ್ಞತೆಯಿಂದ. ದ್ವೇಷಿಸುವವರು ಬೈಯುತ್ತಾರೆ, ಅದನ್ನು ಯಾರೂ ಕೇಳಬೇಕಿಲ್ಲ. ಅಪ್ಪನ ಕೊನೆಯ ರಾತ್ರಿಗಳನ್ನು ನಗಿಸಿ ದಾಟಿಸಿದವರಿಗೆ, ಅಪ್ಪನ ಹೆಂಡತಿ ನಿಮ್ಮ ಎದುರು ತನ್ನ ಮಾತನ್ನು ಬಚ್ಚಿಟ್ಟುಕೊಂಡಳು ಅಂತ ಹೇಳಬೇಕಾದವಳು ನಾನೇ. ಹೇಳಿದ್ದರೆ ಬಿಸಿನೀರಿನ ಲೋಟ ಹಿಡಿದಿದ್ದ ಆ ಮನುಷ್ಯ ಕೇಳಿಸಿಕೊಳ್ಳುತ್ತಿದ್ದರು ಅಂತ ನನಗೆ ಈಗಲೂ ನಂಬಿಕೆ. ಎದ್ದು ನಿಂತು ಅವ್ವನನ್ನು ಮಾತಾಡಿಸಿದ್ದರಲ್ಲ.

ಹೋದ ವಾರ ಸಂಘದವರ ವಾಟ್ಸಾಪಿನಲ್ಲಿ ಸಂದೇಶ ಬಂತು, ಚಳಿಗಾಲಕ್ಕೆ ಅವರೇ ಮತ್ತೆ ಬರುತ್ತಿದ್ದಾರೆ. ಅವ್ವನಿಗೆ ಓದಿ ಹೇಳಿದೆ. ಬರುತ್ತೀಯೇನು ಅಂತ ಕೇಳಲು ಸ್ವಲ್ಪ ಅಂಜಿಕೆಯಿತ್ತು.

ಮೆಂತೆಪಲ್ಲೆ ಬಿಡಿಸುತ್ತ ಕೂತಿದ್ದವಳು ತಲೆ ಎತ್ತದೆ ಹೇಳಿದಳು: “ಮುಂದಿನ ಸಾಲಿನ ತಿಕೀಟ ತಗಿ. ಲಗೂನ ತಗಿ, ಮುಗದಗಿದಾವು.”